ದ್ವಿಚಕ್ರಮಾರ್ಗದರ್ಶಿ ಯಂತ್ರ ಮೀಮಾಂಸೆ, ಅಥವಾ ಹುಲಿಕೆರೆಗೆ ಎಲ್ಲಿ ತಿರುಗಬೇಕು

ಪೀಠಿಕೆ

ಶಾಸ್ತ್ರಗ್ರಂಥ ಎಂದ ಮೇಲೆ ವಿಷಯ, ಪ್ರಯೋಜನ, ಅಧಿಕಾರಿ, ಸಂಬಂಧ ಎಂಬ ನಾಲ್ಕು ಅನುಬಂಧಗಳು ಇರಲೇಬೇಕೆಂದು ಹಿರಿಯರ ಮತ. ಈ ಗ್ರಂಥದ ವಿಷಯ, ಪ್ರವಾಸ ಹೊರಟ ಬೈಕಿನ ಹ್ಯಾಂಡಲ್ಲಿಗೆ ಬಿಗಿಯುವ ಜಿಪಿಎಸ್ ಯಂತ್ರದ ಆಯ್ಕೆ. ಪ್ರಯೋಜನ, ಕೊಂಡವನಿಗೆ ಸಮಾಧಾನ ಮತ್ತು ಕೊಳ್ಳದವನಿಗೆ ಹೊಟ್ಟೆಯುರಿ. ಅಧಿಕಾರಿ, ಅಂದರೆ ಇದನ್ನು ಓದಲು ಅರ್ಹನಾದವನು, ತಿಂಗಳ ಕಂತು ಕಟ್ಟುವ ತ್ರಾಣವಿರುವ ಗೃಹಸ್ಥ. ಬ್ರಹ್ಮಚಾರಿಗೂ ಅಡ್ಡಿಯಿಲ್ಲ, ಅವನಿಗೆ ಮನೆಯಲ್ಲಿ ಉತ್ತರ ಹೇಳುವ ಕಷ್ಟವೊಂದು ಕಡಿಮೆ. ಉಳಿದದ್ದು ಸಂಬಂಧ. ಗ್ರಂಥ ಎಡವುವುದೇ ಇಲ್ಲಿ.

ಅರಸೀಕೆರೆಯಲ್ಲಿ ಬೈಕು ಹತ್ತಿದವನು ಬಾಣಾವರ, ಜಾವಗಲ್, ಹಳೇಬೀಡು ದಾಟಿ ಬೇಲೂರು ಮುಟ್ಟುವವರೆಗೆ ಇರುವುದು ಒಂದೇ ರಾಷ್ಟ್ರೀಯ ಹೆದ್ದಾರಿ. ಹೆಚ್ಚೂಕಡಿಮೆ 60 ಕಿಲೋಮೀಟರ್. ಹಳದಿ ತಲೆಯ ಮೈಲಿಗಲ್ಲುಗಳು ಊರ ಹೆಸರನ್ನೂ ದೂರವನ್ನೂ ಹೇಳುತ್ತ ನಿಂತಿವೆ. ಅವನ್ನು ಓದಲಾರದಷ್ಟು ಜೋರಾಗಿ ಹೋಗುವವನಿಗೂ ಮುಂದೆ ಶಾಲಾ ಪ್ರವಾಸದ ಬಸ್ಸು ಇದ್ದೇ ಇರುತ್ತದೆ, ಅದರ ಹಿಂದೆ ಹೋದರೆ ಹೊಯ್ಸಳೇಶ್ವರನ ಬಾಗಿಲು. ಇಂಥ ದಾರಿಯಲ್ಲಿ ಕಳೆದುಹೋಗಬೇಕಾದರೆ ವಿಶೇಷ ಸಾಧನೆ ಬೇಕು.

ಸಂಶೋಧಕನಿಗೆ ಆಸೆ ಹುಟ್ಟಿಸುವ ಗೊಂದಲ ಒಂದೇ ಒಂದಿದೆ. ಅರಸೀಕೆರೆಯಿಂದ ಬಾಣಾವರದವರೆಗಿನ ತುಂಡು ಹಿಂದೆ 206ನೇ ಹೆದ್ದಾರಿ. ಅಲ್ಲಿಂದ ಬೇಲೂರಿನ ಕಡೆಗಿನದು 234. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ನಂಬರು ಕೊಟ್ಟಾಗ ಮಂಗಳೂರಿನಿಂದ ತುಮಕೂರಿಗೆ ಬರುವ ಈ ದಾರಿ 73 ಆಯಿತು. ಅರಸೀಕೆರೆಯ ಪೇಟೆಯವರಿಗೆ ಮಾತ್ರ ಅದು ಹಿಂದೆಯೂ ಈಗಲೂ ಬಿ.ಎಚ್. ರೋಡು, ಅಂದರೆ ಬೆಂಗಳೂರು ಹೊನ್ನಾವರ ರಸ್ತೆ. ಹೀಗೆ ನಾಮರೂಪಗಳು ಬದಲಾದರೂ ಟಾರು ಮಾತ್ರ ನಿರ್ವಿಕಾರ. ಹೆಸರಿನ ಗೊಂದಲದಿಂದ ದಾರಿ ತಪ್ಪಿದ ಬೈಕು ಒಂದೂ ಇಲ್ಲವಾದ್ದರಿಂದ ಈ ಆಧಾರವೂ ಕೈಬಿಟ್ಟಿತು.

ಆದರೆ ಯಂತ್ರ ಕೊಂಡಾಗಿದೆ. ಕೊಂಡ ಯಂತ್ರಕ್ಕೆ ತಕ್ಕ ಊರನ್ನು ಹುಡುಕುವುದೇ ಇನ್ನು ಉಳಿದಿರುವ ಪುರುಷಾರ್ಥ. ಆ ಊರು ಹುಲಿಕೆರೆ. ಹಳೇಬೀಡಿನಿಂದ ಎರಡು ಮೂರು ಕಿಲೋಮೀಟರ್ ದೂರದಲ್ಲಿ ಹೊಯ್ಸಳರ ಕಾಲದ ಕಲ್ಯಾಣಿಯೊಂದನ್ನು ಇಟ್ಟುಕೊಂಡು, ಬಸ್ಸುಗಳ ಸಾಲಿನಿಂದ ತಪ್ಪಿಸಿಕೊಂಡು ತಣ್ಣಗಿರುವ ಹಳ್ಳಿ. ಸಂಬಂಧ ಸಿದ್ಧಿಸಿತು, ಗ್ರಂಥ ಮುಂದುವರಿಯಬಹುದು.

ದರ್ಶನಗಳು

ಯಂತ್ರಪ್ರಪಂಚದಲ್ಲಿ ಪ್ರಚಲಿತವಿರುವ ಮತಗಳನ್ನು ಮೊದಲು ಹೇಳಬೇಕು.

ದ್ವೈತಿಗಳ ಪ್ರಕಾರ ಫೋನು ಬೇರೆ, ಯಂತ್ರ ಬೇರೆ, ಇವುಗಳ ಭೇದ ನಿತ್ಯ ಮತ್ತು ಸತ್ಯ. ಗಾರ್ಮಿನ್ ಜೂಮೋ, ಟಾಮ್‌ಟಾಮ್ ರೈಡರ್ ಈ ಸಂಪ್ರದಾಯದ ಮುಖ್ಯ ಮಠಗಳು. ಇವು ಬೈಕಿಗೆಂದೇ ಹುಟ್ಟಿದವು. ಬೆವರಿನ ಗ್ಲೌಸು ಹಾಕಿಕೊಂಡು ಒತ್ತಿದರೂ ತಿಳಿಯುತ್ತವೆ, ಮಳೆಗೆ ಜಗ್ಗುವುದಿಲ್ಲ, ಮಧ್ಯಾಹ್ನದ ಬಿಸಿಲಿನಲ್ಲೂ ಪರದೆ ಕಾಣುತ್ತದೆ, ನೇರ ದಾರಿ ಬಿಟ್ಟು ಬಳುಕುವ ದಾರಿಯೇ ಬೇಕೆಂದು ಕೇಳಿದರೆ ಅದನ್ನೂ ಹುಡುಕಿಕೊಡುತ್ತವೆ. ಇಷ್ಟೆಲ್ಲ ಗುಣಗಳಿಗೆ ಸೆಕೆಂಡ್‌ಹ್ಯಾಂಡ್ ಬೈಕಿನ ಬೆಲೆ ತೆರಬೇಕು ಎಂಬುದನ್ನು ದ್ವೈತಿಗಳು ತಾರತಮ್ಯ ಎಂಬ ತತ್ತ್ವದಿಂದ ಸಮರ್ಥಿಸಿಕೊಳ್ಳುತ್ತಾರೆ.

ಅದ್ವೈತಿಗಳಿಗೆ ಫೋನೊಂದೇ ಸತ್ಯ, ಉಳಿದ ಯಂತ್ರವೆಲ್ಲ ಮಿಥ್ಯೆ. ಗೂಗಲ್ ಮ್ಯಾಪ್ಸ್ 2017ರ ಡಿಸೆಂಬರಿನಲ್ಲಿ ದ್ವಿಚಕ್ರ ವಾಹನದವರಿಗೆಂದೇ ಬೇರೆ ದಾರಿ ತೋರಿಸುವ ವ್ಯವಸ್ಥೆಯನ್ನು ಜಗತ್ತಿನಲ್ಲೇ ಮೊದಲು ಭಾರತದಲ್ಲಿ ತಂದದ್ದು ಇವರ ಮತಕ್ಕೆ ದೊಡ್ಡ ಬಲ. ಅದ್ವೈತಿಯ ಫೋನು ಹ್ಯಾಂಡಲ್ಲಿನ ಮೇಲೆ ಬಿಸಿಲಿಗೆ ಕಾದು, ಪರದೆ ಮಂಕಾಗಿ, ಕೊನೆಗೆ ತಾನೇ ಆರಿಹೋದಾಗ ಅವನಿಗೆ ಜಗನ್ಮಿಥ್ಯಾತ್ವ ಪ್ರತ್ಯಕ್ಷವಾಗಿ ಅನುಭವಕ್ಕೆ ಬರುತ್ತದೆ. ಈ ಅವಸ್ಥೆ ಜಾವಗಲ್ಲಿನ ಆಸುಪಾಸಿನಲ್ಲಿ, ಏಪ್ರಿಲ್ ತಿಂಗಳಲ್ಲಿ, ಹೆಚ್ಚಿನ ತಪಸ್ಸಿಲ್ಲದೆಯೂ ಲಭ್ಯ.

ವಿಶಿಷ್ಟಾದ್ವೈತ ತೀರ ಸೂಕ್ಷ್ಮವಾದದ್ದು. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ ಬೈಕಿನ ಮೀಟರ್ ಪಕ್ಕ ಟ್ರಿಪ್ಪರ್ ಎಂಬ ಪುಟ್ಟ ದುಂಡು ಪರದೆ ಕೂರಿಸಿತು. 2023ರ ಹಿಮಾಲಯನ್‌ನಲ್ಲಿ ಅದು ಬೆಳೆದು ಇಡೀ ನಕ್ಷೆಯನ್ನೇ ತೋರಿಸುವಷ್ಟಾಯಿತು. ಈ ಪರದೆ ಸುಳ್ಳಲ್ಲ, ಕಣ್ಣೆದುರೇ ಇದೆ. ಆದರೆ ಅದಕ್ಕೆ ಸ್ವತಂತ್ರವಾದ ಇರವಿಲ್ಲ. ಜೇಬಿನೊಳಗಿನ ಫೋನು ಅಂತರ್ಯಾಮಿಯಾಗಿ ನಡೆಸಿದರಷ್ಟೇ ನಡೆಯುತ್ತದೆ. ಪರದೆ ಶರೀರ, ಫೋನು ಶರೀರಿ. ರಾಮಾನುಜಾಚಾರ್ಯರ ನೆನಪನ್ನೂ ವಿಷ್ಣುವರ್ಧನನ ಹೆಸರನ್ನೂ ಒಟ್ಟಿಗೆ ಕಟ್ಟಿ ಹೇಳುವ ಈ ಸೀಮೆಗೆ ಇದಕ್ಕಿಂತ ಒಪ್ಪುವ ಮತ ಇನ್ನೊಂದಿಲ್ಲ.

ಬೀಲೈನ್ ಎಂಬ ದುಂಡನೆಯ ಬಿಲ್ಲೆಯದು ಶೂನ್ಯವಾದ. ಅದರಲ್ಲಿ ನಕ್ಷೆಯಿಲ್ಲ, ಊರಿಲ್ಲ, ಕೆರೆಯಿಲ್ಲ. ಹೋಗಬೇಕಾದ ದಿಕ್ಕಿಗೆ ಒಂದು ಬಾಣ, ಅಷ್ಟೆ. ಇನ್ನು ಶ್ರವಣಬೆಳಗೊಳವೂ ಇದೇ ಜಿಲ್ಲೆಯಲ್ಲಿರುವಾಗ ಸ್ಯಾದ್ವಾದವನ್ನು ಬಿಡುವ ಹಾಗಿಲ್ಲ. ಬಹುಶಃ ಎಡಕ್ಕೆ, ಬಹುಶಃ ಎಡಕ್ಕಲ್ಲ, ಬಹುಶಃ ಎಡಕ್ಕೂ ಹೌದು, ಅಲ್ಲವೂ ಹೌದು, ಬಹುಶಃ ಹೇಳಲಾಗದು. ತಿರುವು ದಾಟಿಹೋದ ಮೇಲೆ ಎಲ್ಲ ಕಂಪನಿಗಳ ಯಂತ್ರಗಳೂ ಸ್ವಲ್ಪ ಹೊತ್ತು ಜೈನವಾಗುತ್ತವೆ.

ಪ್ರತ್ಯಕ್ಷ ಪರೀಕ್ಷೆ

ಮತಭೇದ ಏನೇ ಇರಲಿ, ಎಲ್ಲರೂ ಒಪ್ಪಬೇಕಾದ ಕೆಲವು ಸಂಗತಿಗಳಿವೆ.

ಒಂದು, ನಡುಕ. ಒಂಟಿ ಸಿಲಿಂಡರಿನ ಬೈಕು ಹೊರಡಿಸುವ ನಡುಕವನ್ನು ನಮ್ಮ ಜನ ಪೌರುಷದ ಲಕ್ಷಣ ಎಂದು ತಿಳಿದಿರುವರು. ಫೋನಿನ ಕ್ಯಾಮೆರಾಗೆ ಈ ವಿಷಯ ಯಾರೂ ತಿಳಿಸಿಲ್ಲ. ಕೈ ಅಲುಗಿದರೂ ಫೋಟೋ ಅಲುಗದಿರಲೆಂದು ಲೆನ್ಸನ್ನು ತೇಲಿಸಿ ಹಿಡಿದಿರುವ ಸೂಕ್ಷ್ಮ ಏರ್ಪಾಡು ದಿನಗಟ್ಟಲೆ ನಡುಗಿದರೆ ಕೆಡುತ್ತದೆ. ಬೈಕ್ ಎಂಜಿನ್ನಿನ ಕಂಪನದಿಂದ ಐಫೋನಿನ ಕ್ಯಾಮೆರಾ ಹಾಳಾಗಬಹುದೆಂದು ಆಪಲ್ ಕಂಪನಿಯೇ 2021ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಪ್ರಕಟಿಸಿತು. ಬೇಲೂರಿನ ಮದನಿಕೆಯರ ಚಿತ್ರ ತೆಗೆಯಲೆಂದೇ ಹೊರಟವನು, ದಾರಿ ನೋಡುವ ನೆಪದಲ್ಲಿ ಕ್ಯಾಮೆರಾವನ್ನು ಹ್ಯಾಂಡಲ್ಲಿಗೆ ಬಲಿಕೊಟ್ಟು, ಅಲ್ಲಿ ತಲುಪಿದಾಗ ದರ್ಪಣಸುಂದರಿಯನ್ನು ಮಂಜಿನೊಳಗೆ ನಿಂತಂತೆ ಕಾಣುವುದು ಈ ಶಾಸ್ತ್ರದಲ್ಲಿ ಮಹಾಪಾತಕ. ಪ್ರಾಯಶ್ಚಿತ್ತ ರಬ್ಬರಿನ ಡ್ಯಾಂಪರ್ ಇರುವ ಹೋಲ್ಡರು.

ಎರಡು, ನೀರು. ಫೋನು ನೀರಿಗೆ ಕೆಡುವುದಿಲ್ಲ ಎಂಬುದು ಬೇರೆ, ಮಳೆಯಲ್ಲಿ ಕೆಲಸ ಮಾಡುತ್ತದೆ ಎಂಬುದು ಬೇರೆ. ಹನಿ ಬಿದ್ದ ಕಡೆಯೆಲ್ಲ ಬೆರಳು ಒತ್ತಿತೆಂದು ತಿಳಿಯುವ ಪರದೆ, ಬೇಲೂರಿನಿಂದ ಪಶ್ಚಿಮಕ್ಕೆ ಮೂಡಿಗೆರೆಯ ದಾರಿ ಹಿಡಿದವನಿಗೆ ಜುಲೈನಲ್ಲಿ ತಾನಾಗಿಯೇ ನಾಲ್ಕು ಜನಕ್ಕೆ ಕರೆ ಮಾಡಿಕೊಡುತ್ತದೆ. ಅರಸೀಕೆರೆ ಬಯಲುಸೀಮೆ, ಅಲ್ಲಿಂದ ಹೊರಟವನಿಗೆ ಈ ತಿಳಿವಳಿಕೆ ಇರುವುದಿಲ್ಲ. ಅರವತ್ತು ಕಿಲೋಮೀಟರಿನೊಳಗೆ ತೆಂಗಿನ ತೋಟ ಮುಗಿದು ಕಾಫಿ ತೋಟದ ವಾಸನೆ ಬರುವ ದಾರಿ ಇದು. ಆಕಾಶವೂ ಅಷ್ಟೇ ಬೇಗ ಬದಲಾಗುತ್ತದೆ.

ಮೂರು, ಟವರು. ಟವರಿಲ್ಲದ ಕಡೆ ಜಿಪಿಎಸ್ ಸಿಗುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಶನಿದೋಷದಷ್ಟೇ ಆಳವಾಗಿ ಬೇರೂರಿದೆ. ತಪ್ಪು. ಸಂಕೇತ ಬರುವುದು ಉಪಗ್ರಹದಿಂದ. ಟವರು ಬೇಕಿರುವುದು ನಕ್ಷೆ ತರಿಸಿಕೊಳ್ಳಲು ಮತ್ತು ಉಪಗ್ರಹಗಳು ಈಗ ಎಲ್ಲಿವೆ ಎಂಬ ಸುದ್ದಿ ಬೇಗ ತಿಳಿಯಲು. ಆ ನೆರವಿಲ್ಲದಿದ್ದರೆ ಯಂತ್ರ ಉಪಗ್ರಹ ಪಂಚಾಂಗವನ್ನು ಆಕಾಶದಿಂದಲೇ ಕೇಳಿಸಿಕೊಳ್ಳಬೇಕು. ಜಿಪಿಎಸ್ ಪಂಚಾಂಗ ಪೂರ್ತಿ ಓದಿ ಮುಗಿಸಲು ಹನ್ನೆರಡೂವರೆ ನಿಮಿಷ ತೆಗೆದುಕೊಳ್ಳುತ್ತದೆ. ಯುಗಾದಿಯ ದಿನ ನಮ್ಮ ಪುರೋಹಿತರು ತೆಗೆದುಕೊಳ್ಳುವುದಕ್ಕಿಂತ ಕಡಿಮೆಯೇ. ಆದ್ದರಿಂದ ಮನೆಯಲ್ಲೇ ಹಾಸನ ಜಿಲ್ಲೆಯ ನಕ್ಷೆಯನ್ನು ಇಳಿಸಿಕೊಂಡು ಹೊರಟವನಿಗೆ ಟವರಿನ ಹಂಗು ಬಹುಮಟ್ಟಿಗೆ ತೀರಿತು.

ಕಾನೂನಿನ ಬಗ್ಗೆ ಒಂದೇ ಮಾತು. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2020ರ ಅಕ್ಟೋಬರ್ 1ರಿಂದ ಬಂದ ತಿದ್ದುಪಡಿ, ಚಾಲಕನು ಕೈ ಉಪಕರಣವನ್ನು ದಾರಿ ನೋಡುವುದಕ್ಕೆ ಮಾತ್ರ, ಅದೂ ಗಮನ ಕೆಡದ ಹಾಗೆ, ಬಳಸಬಹುದೆನ್ನುತ್ತದೆ. ಹಳೇಬೀಡಿನ ದಾರಿಯಲ್ಲಿ ದ್ವಾರಸಮುದ್ರದ ಕೆರೆ ಕಂಡಾಗ ಕೆಡುವ ಗಮನದ ಬಗ್ಗೆ ನಿಯಮ ಮೌನವಾಗಿದೆ.

ನಕ್ಷತ್ರ ವಿಚಾರ

ಹುಲಿಕೆರೆಯ ಕಲ್ಯಾಣಿಗೆ ಇಳಿಯುವ ಮೆಟ್ಟಿಲುಗಳ ಸುತ್ತ ಪುಟ್ಟ ಪುಟ್ಟ ಕಲ್ಲಿನ ಗುಡಿಗಳಿವೆ. ಅವನ್ನು 27 ನಕ್ಷತ್ರಗಳಿಗೂ 12 ರಾಶಿಗಳಿಗೂ ಹೊಂದಿಸಿ ಹೇಳುವುದುಂಟು. ಜಿಪಿಎಸ್ ಕಟ್ಟಿದ ಅಮೆರಿಕದ ಸೇನೆ ಮೊದಲು ಹಾಕಿಕೊಂಡ ಲೆಕ್ಕ 24 ಉಪಗ್ರಹಗಳದು, ನೆಲದಿಂದ 20,200 ಕಿಲೋಮೀಟರ್ ಎತ್ತರದಲ್ಲಿ. ಹೊಯ್ಸಳರು ಎಂಟುನೂರು ಚಿಲ್ಲರೆ ವರ್ಷ ಮೊದಲೇ ಮೂರು ಹೆಚ್ಚುವರಿಯಾಗಿ ಇಟ್ಟಿದ್ದರು, ಅದೂ ನೆಲಮಟ್ಟಕ್ಕಿಂತ ಕೆಳಗೆ, ರಿಪೇರಿಗೆ ಸುಲಭವಾಗುವಂತೆ. ನಮ್ಮ ಪೂರ್ವಜರಿಗೆ ಎಲ್ಲವೂ ಗೊತ್ತಿತ್ತು ಎಂಬ ಪಕ್ಷದವರು ಈ ವಾಕ್ಯವನ್ನು ಧಾರಾಳವಾಗಿ ಬಳಸಿಕೊಳ್ಳಬಹುದು, ಲೇಖಕನ ಹೆಸರು ಹಾಕುವ ಅಗತ್ಯವಿಲ್ಲ.

ಯಂತ್ರ ತಾನಿರುವ ಜಾಗವನ್ನು ತಿಳಿಯಲು ಕನಿಷ್ಠ ನಾಲ್ಕು ಉಪಗ್ರಹ ಕಾಣಬೇಕು: ಮೂರು ಸ್ಥಳಕ್ಕೆ, ಒಂದು ತನ್ನ ಅಗ್ಗದ ಗಡಿಯಾರದ ತಪ್ಪು ತಿದ್ದಿಕೊಳ್ಳಲು. ಅವು ಆಕಾಶದಲ್ಲಿ ಚದುರಿ ನಿಂತಿದ್ದಷ್ಟೂ ಉತ್ತರ ಖಚಿತ. ಈಗ ಯಂತ್ರವನ್ನು ಹಿಡಿದುಕೊಂಡು ಕಲ್ಯಾಣಿಯ ತಳದ ಮೆಟ್ಟಿಲಿಗೆ ಇಳಿಯಿರಿ. ಸುತ್ತ ಕಲ್ಲಿನ ಗೋಡೆ. ದಿಗಂತದ ಹತ್ತಿರವಿರುವ ಉಪಗ್ರಹಗಳೆಲ್ಲ ಮರೆ. ಕಾಣುವುದು ನೆತ್ತಿಯ ಮೇಲಿನ ಒಂದು ತುಂಡು ಆಕಾಶ. ಉಳಿದ ಸಂಕೇತಗಳು ಕಲ್ಲಿಗೆ ಬಡಿದು ಸುತ್ತಿ ಬರುತ್ತವೆ. ನಿಂತಲ್ಲೇ ನಿಂತ ಸವಾರನನ್ನು ಯಂತ್ರ ಒಮ್ಮೆ ಊರೊಳಗೆ, ಒಮ್ಮೆ ಹೊಲದೊಳಗೆ ಓಡಾಡಿಸುತ್ತದೆ. ಎಷ್ಟೇ ಬೆಲೆಯ ಯಂತ್ರವಾದರೂ ಇದನ್ನು ಪೂರ್ತಿ ತಪ್ಪಿಸಲಾರದು, ಯಾಕೆಂದರೆ ತೊಡಕಿರುವುದು ಆಕಾಶದ ಕೋನದಲ್ಲಿ.

ಆ ಉಪಗ್ರಹಗಳ ಗಡಿಯಾರಗಳ ವಿಷಯ ಇನ್ನೂ ಸ್ವಾರಸ್ಯ. ಐನ್‌ಸ್ಟೈನರ ಸಾಪೇಕ್ಷತೆಯ ಲೆಕ್ಕದಂತೆ ಅವು ನೆಲದ ಗಡಿಯಾರಕ್ಕಿಂತ ದಿನಕ್ಕೆ 38 ಮೈಕ್ರೋಸೆಕೆಂಡ್ ಮುಂದೆ ಓಡುತ್ತವೆ. ಇದನ್ನು ತಿದ್ದದೆ ಬಿಟ್ಟರೆ ದಿನವೊಂದಕ್ಕೆ ಸುಮಾರು ಹತ್ತು ಕಿಲೋಮೀಟರ್ ತಪ್ಪು ಕೂಡುತ್ತಾ ಹೋಗುತ್ತದೆ. ಹಳೇಬೀಡಿಗೂ ಬೇಲೂರಿಗೂ ನಡುವೆ ಇರುವುದೇ 16. ಅಂದರೆ ಸಾಪೇಕ್ಷತಾ ಸಿದ್ಧಾಂತವನ್ನು ಒಪ್ಪದ ಸವಾರ ಎರಡನೆಯ ದಿನಕ್ಕೆ ಹೊಯ್ಸಳೇಶ್ವರನ ಎದುರು ನಿಂತು ಚೆನ್ನಕೇಶವನಿಗೆ ಕೈಮುಗಿಯುತ್ತಿರುತ್ತಾನೆ.

ಮತ್ತೊಂದು ವಿಸ್ಮಯ ಸ್ಥಳೀಯವಾದದ್ದು. ನಮ್ಮದೇ ನಾವಿಕ್ ವ್ಯವಸ್ಥೆಯ ಉಪಗ್ರಹಗಳನ್ನು 2013ರಿಂದ ಹಾರಿಸತೊಡಗಿದಾಗ, ಅವನ್ನು ಸರಿಯಾದ ಕಕ್ಷೆಗೆ ಏರಿಸಿ ಕೂರಿಸುವ ಕೆಲಸ ನಡೆದದ್ದು ಹಾಸನದ ಮುಖ್ಯ ನಿಯಂತ್ರಣ ಕೇಂದ್ರದಿಂದ. 1982ರಿಂದ ಅಲ್ಲಿದೆ ಅದು. ಹಾಸನದಿಂದ ಹಳೇಬೀಡಿಗೆ ಮೂವತ್ತು ಕಿಲೋಮೀಟರ್. ಈ ಮೂವತ್ತು ಕಿಲೋಮೀಟರ್ ಹೋಗಲು ಹಾಸನದ ಸವಾರ 36,000 ಕಿಲೋಮೀಟರ್ ಮೇಲಿರುವ ಉಪಗ್ರಹವನ್ನು ದಾರಿ ಕೇಳುತ್ತಾನೆ. ಆ ಉಪಗ್ರಹಕ್ಕೆ ದಾರಿ ಹೇಳಿಕೊಟ್ಟವರು ಅವನ ಪಕ್ಕದ ಬೀದಿಯಲ್ಲಿ ತರಕಾರಿ ಕೊಳ್ಳುತ್ತಿರುತ್ತಾರೆ.

ಗಜಾಧ್ಯಾಯ

ಬೇಲೂರು, ಸಕಲೇಶಪುರ, ಆಲೂರು ಕಡೆ ಜಿಪಿಎಸ್ ಧರಿಸಿ ಸಂಚರಿಸುವ ನಿಷ್ಠಾವಂತ ಪ್ರವಾಸಿಗಳೆಂದರೆ ಕಾಡಾನೆಗಳು. ಹಿಂಡಿನ ಚಲನವಲನ ತಿಳಿದು ಊರವರನ್ನು ಎಚ್ಚರಿಸಲೆಂದು ಅರಣ್ಯ ಇಲಾಖೆ ಕೆಲವು ಆನೆಗಳ ಕೊರಳಿಗೆ ರೇಡಿಯೋ ಕಾಲರ್ ಕಟ್ಟಿದೆ. ಪ್ರಸ್ತುತ ಲೇಖಕನು ಪರಿಶೀಲಿಸಿದ ಉಪಕರಣಗಳಲ್ಲೆಲ್ಲ ಇದೇ ಶ್ರೇಷ್ಠ. ಕೆಸರಿಗೆ ಕೆಡುವುದಿಲ್ಲ, ಮರಕ್ಕೆ ಉಜ್ಜಿದರೂ ಸುಲಭಕ್ಕೆ ಬೀಳುವುದಿಲ್ಲ, ದಿನಾ ಚಾರ್ಜಿಗೆ ಹಾಕುವ ಗೋಜಿಲ್ಲ, ಪರದೆಯೇ ಇಲ್ಲದ್ದರಿಂದ ಬಿಸಿಲಿನ ಚಿಂತೆಯೂ ಇಲ್ಲ. ಧರಿಸಿದವನು ಎಲ್ಲಿದ್ದಾನೆಂಬುದು ಅವನೊಬ್ಬನನ್ನು ಬಿಟ್ಟು ಉಳಿದೆಲ್ಲರಿಗೂ ಗೊತ್ತಾಗುತ್ತದೆ. ಅವನೋ, ಗೊತ್ತಾಗಬೇಕೆಂದು ಬಯಸಿಯೂ ಇಲ್ಲ. ಅಜ್ಜಿಯ ಕಾಲದಿಂದ ನಡೆದ ದಾರಿಯಲ್ಲಿ ಈಗ ಯಾರೋ ಕಾಫಿ ನೆಟ್ಟಿದ್ದಾರೆ, ಅಷ್ಟೆ. ಮನೆಯಲ್ಲಿ ಹೆಂಡತಿ ಫೋನಿನಲ್ಲಿ ಲೊಕೇಶನ್ ಹಂಚಿಕೊಳ್ಳಲು ಹೇಳಿ ಕಳಿಸಿದ ಸವಾರರು ತಮ್ಮನ್ನು ಈ ವರ್ಗದಲ್ಲಿ ಸೇರಿಸಿಕೊಳ್ಳತಕ್ಕದ್ದು.

ಶಬ್ದಪ್ರಮಾಣ ಮತ್ತು ಇಲ್ಲದ ಮರ

ಹುಲಿಕೆರೆ ಎಂದು ಒತ್ತಿದರೆ ಯಂತ್ರಕ್ಕೆ ಸಿಗುವ ಹುಲಿಕೆರೆಗಳು ಒಂದಲ್ಲ. ಮಂಡ್ಯದ ಕಡೆ ವಿಶ್ವೇಶ್ವರಯ್ಯ ನಾಲೆ ಸುರಂಗದೊಳಗೆ ನುಗ್ಗುವ ಹುಲಿಕೆರೆಯೊಂದಿದೆ. ಗದಗ ಜಿಲ್ಲೆಯ ಲಕ್ಷ್ಮೇಶ್ವರವೂ ಹಿಂದೆ ಪುಲಿಗೆರೆಯೇ. ಹಳಗನ್ನಡದ ಮೇಷ್ಟರೊಬ್ಬರು ಯಂತ್ರ ತಯಾರಿಸಿದ್ದರೆ ನಮ್ಮನ್ನು ಅಲ್ಲಿಗೇ ಕರೆದೊಯ್ಯುತ್ತಿದ್ದರು. ಸರಿಯಾದ ಹುಲಿಕೆರೆಯನ್ನೇ ಆರಿಸಿಕೊಂಡವನಿಗೂ ಮುಂದಿನ ಗಂಡಾಂತರವಿದೆ. ಎರಡು ದಾರಿಗಳಲ್ಲಿ ಮೂರು ನಿಮಿಷ ಉಳಿಯುವುದು ಯಾವುದೋ ಅದನ್ನೇ ಯಂತ್ರ ಹಿಡಿಯುತ್ತದೆ, ಮತ್ತು ಆ ಮೂರು ನಿಮಿಷ ಉಳಿಯುವ ದಾರಿಯ ಮೇಲೆ ಸುಗ್ಗಿಯಲ್ಲಿ ರಾಗಿಯನ್ನೋ ಹುರುಳಿಯನ್ನೋ ಹರಡಿರುತ್ತಾರೆ. ಹೋಗಿಬರುವ ಗಾಡಿಗಳ ಚಕ್ರ ತುಳಿದು ಒಕ್ಕಣೆಯಾಗಲೆಂದು. ನಕ್ಷೆಯಲ್ಲಿ ಅದು ಗ್ರಾಮೀಣ ರಸ್ತೆ, ಡಿಸೆಂಬರಿನಲ್ಲಿ ಅದು ಕಣ. ಹುರುಳಿಸೊಪ್ಪಿನ ಮೇಲೆ ಬ್ರೇಕು ಹಿಡಿದ ಬೈಕು ಯಾವ ಕಡೆ ಹೋಗುತ್ತದೆಂದು ಹೇಳುವ ಉಪಗ್ರಹ ಇನ್ನೂ ಹಾರಿಲ್ಲ. ಸವಾರರು ಕೊಳ್ಳುವ ಯಂತ್ರದ ಬಗ್ಗೆ ವರ್ಷವಿಡೀ ಚರ್ಚಿಸಿ, ಟೈರಿನ ಬಗ್ಗೆ ಒಂದು ಮಾತೂ ಆಡದಿರುವುದನ್ನು ಲೇಖಕನು ಬಹಳ ಕಡೆ ನೋಡಿದ್ದಾನೆ.

ಆಗ ಸವಾರ ಬೈಕು ನಿಲ್ಲಿಸಿ, ಬೇಲಿಯ ಹತ್ತಿರ ಕೂತ ಹಿರಿಯರನ್ನು ಕೇಳುತ್ತಾನೆ. ಮೀಮಾಂಸಕರು ಇದನ್ನು ಶಬ್ದಪ್ರಮಾಣ ಎಂದರು, ಆಪ್ತವಾಕ್ಯ ಎಂದರು.

"ಯಜಮಾನ್ರೇ, ಹುಲಿಕೆರೆ ಕಲ್ಯಾಣಿಗೆ ಹೆಂಗೆ ಹೋಗ್ಬೇಕು?"

"ಕಲ್ಯಾಣಿಗಾ? ಇಂಗೇ ಸೀದಾ ಓಗಿ ಸ್ವಾಮಿ. ಮುಂದೆ ಒಂದು ಅಳ್ಳೀಮರ ಇತ್ತು, ಓದೊರ್ಸ ಕಡುದ್ರು. ಅಲ್ಲಿ ಎಡಕ್ಕೆ ತಿರ್ಕಳಿ."

"ದೂರ ಎಷ್ಟಾಗ್ತದೆ?"

"ದೂರ ಏನಿಲ್ಲ. ಇಲ್ಲೇಯ."

ಈ ಉತ್ತರದ ದಾರ್ಶನಿಕ ಮಹತ್ತ್ವವನ್ನು ಇದುವರೆಗೆ ಯಾರೂ ಗುರುತಿಸಿದಂತಿಲ್ಲ. ನೈಯಾಯಿಕರು ನಾಲ್ಕೇ ಪ್ರಮಾಣಗಳನ್ನು ಒಪ್ಪಿದರು. ಕುಮಾರಿಲಭಟ್ಟನ ಅನುಯಾಯಿಗಳು ಆರನೆಯದಾಗಿ ಅನುಪಲಬ್ಧಿ ಎಂಬುದನ್ನು ಸೇರಿಸಿದರು: ವಸ್ತು ಕಾಣದಿರುವುದರಿಂದಲೇ ಅದಿಲ್ಲ ಎಂಬ ಜ್ಞಾನ ಹುಟ್ಟುವುದು. ಕಡಿದುಹೋದ ಅರಳಿಮರದ ಬಳಿ ಎಡಕ್ಕೆ ತಿರುಗಬೇಕಾದ ಸವಾರನಿಗೆ ಇದಲ್ಲದೆ ಬೇರೆ ಗತಿಯಿಲ್ಲ. ಅವನು ಮರವಿಲ್ಲದ ಜಾಗವನ್ನು ಹುಡುಕುತ್ತಾ ಹೋಗಬೇಕು. ಮರವಿಲ್ಲದ ಜಾಗಗಳು ಬಯಲುಸೀಮೆಯ ಅಂಚಿನಲ್ಲಿ ಬೇಕಾದಷ್ಟಿವೆ; ಮೊದಲ ಜಾಗದಲ್ಲಿ ತಿರುಗಿದವನು ಯಾರದೋ ಕೊಟ್ಟಿಗೆ ಸೇರುತ್ತಾನೆ. ನಿರ್ದಿಷ್ಟವಾದ ಒಂದು ಮರ ಇಲ್ಲದಿರುವುದಕ್ಕೂ ಬರೀ ಮರ ಇಲ್ಲದಿರುವುದಕ್ಕೂ ಇರುವ ವ್ಯತ್ಯಾಸವನ್ನು ಗ್ರಹಿಸಬಲ್ಲ ಯಂತ್ರ ಮಾರುಕಟ್ಟೆಯಲ್ಲಿಲ್ಲ. ಊರವರಿಗೆ ಮಾತ್ರ ಆ ಮರ ಕಡಿದ ಮೇಲೂ ಕಾಣುತ್ತದೆ.

ಹಾಗೆಂದು ಶಬ್ದಪ್ರಮಾಣವನ್ನು ತಲೆಯ ಮೇಲೆ ಕೂರಿಸಿಕೊಳ್ಳುವುದೂ ಬೇಡ. 'ಇಲ್ಲೇಯ' ಎಂಬುದು ಅರ್ಧ ಕಿಲೋಮೀಟರಿನಿಂದ ಜಾವಗಲ್ಲಿನವರೆಗೆ ಎಷ್ಟಾದರೂ ಆಗಬಹುದು. ಗೊತ್ತಿಲ್ಲ ಎನ್ನುವುದು ಅತಿಥಿಗೆ ಮಾಡುವ ಅವಮಾನವೆಂದು ಭಾವಿಸಿ ಯಾವುದಾದರೊಂದು ದಿಕ್ಕು ತೋರಿಸುವ ದಾಕ್ಷಿಣ್ಯವಂತರೂ ಇದ್ದಾರೆ. ಮೇಲಾಗಿ ಚರಿತ್ರೆಯ ಎಚ್ಚರಿಕೆಯೂ ಇದೆ: 1311ರಲ್ಲಿ ದೆಹಲಿಯ ದಂಡನಾಯಕ ಮಲಿಕ್ ಕಾಫರ್ ದ್ವಾರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ, ಬಂದಾಗ ಅವನ ಬಳಿ ಯಾವ ಯಂತ್ರವೂ ಇರಲಿಲ್ಲ, ದೇವಗಿರಿಯವರ ನೆರವು ಸಿಕ್ಕಿತ್ತು, ಹೊಯ್ಸಳ ದೊರೆ ಮೂರನೆಯ ಬಲ್ಲಾಳನೂ ಆಗ ದಕ್ಷಿಣದಲ್ಲಿದ್ದ. ಈ ಪ್ರಾಂತದ ಇತಿಹಾಸದಲ್ಲಿ ದಾರಿ ತಪ್ಪಿದ್ದರೆ ಎಲ್ಲರಿಗೂ ಒಳ್ಳೆಯದಾಗುತ್ತಿದ್ದ ಪ್ರವಾಸಿ ಅವನೊಬ್ಬನೇ, ಅವನೇ ತಪ್ಪಲಿಲ್ಲ. ಇದಕ್ಕೆ ವಿರುದ್ಧವಾಗಿ ಬೇಲೂರಿನ ಶಿಲ್ಪಿ ದಾಸೋಜ ಶಿವಮೊಗ್ಗದಾಚೆಯ ಬಳ್ಳಿಗಾವೆಯಿಂದ ಬಂದು, ವಿಗ್ರಹದ ಕೆಳಗೆ ತನ್ನ ಹೆಸರಿನ ಜೊತೆ ಊರನ್ನೂ ಕೆತ್ತಿ, ಎಲ್ಲಿಂದ ಹೊರಟೆನೆಂಬುದನ್ನು ಕಲ್ಲಿನಲ್ಲಿ ದಾಖಲಿಸಿಟ್ಟ. ಬ್ಯಾಟರಿ ಇನ್ನೂ ಇಳಿದಿಲ್ಲ.

ಸಿದ್ಧಾಂತ

ಪೂರ್ವಪಕ್ಷಗಳನ್ನೆಲ್ಲ ಕೇಳಿದ್ದಾಯಿತು, ತೀರ್ಪು ಸಣ್ಣದು. ಅರಸೀಕೆರೆ, ಬೇಲೂರು, ಹಳೇಬೀಡುಗಳ ಸುತ್ತಾಟಕ್ಕೆ ಮನೆಯ ಕಪಾಟಿನಲ್ಲಿ ಬಿದ್ದಿರುವ ಹಳೆಯ ಫೋನು ಸಾಕು. ಅದರ ಕ್ಯಾಮೆರಾ ಹೇಗೂ ಕೆಟ್ಟಿರುವುದರಿಂದ ನಡುಕಕ್ಕೆ ಕಳೆದುಕೊಳ್ಳುವುದೇನೂ ಇಲ್ಲ. ಸಿಮ್ ಬೇಡ, ನಕ್ಷೆ ಮೊದಲೇ ಇಳಿಸಿಕೊಂಡಿರಬೇಕು. ಗಟ್ಟಿ ಹೋಲ್ಡರು, ಬೈಕಿನ ಬ್ಯಾಟರಿಯಿಂದ ಫ್ಯೂಸ್ ಹಾಕಿ ಎಳೆದ ಚಾರ್ಜಿಂಗ್ ವೈರು, ಬಿಸಿಲಿಗೆ ಒಂದು ಸಣ್ಣ ಮುಸುಕು. ಒಳ್ಳೆಯ ಫೋನು ಜೇಬಿನಲ್ಲಿ, ಮದನಿಕೆಯರಿಗೆ ಮೀಸಲು. ದಿನಗಟ್ಟಲೆ ಮಳೆಯಲ್ಲಿ ಘಟ್ಟ ಸುತ್ತುವವನು, ಲಡಾಖಿಗೆ ಹೊರಟವನು, ದಪ್ಪ ಗ್ಲೌಸು ಬಿಚ್ಚಲಾರದವನು ದ್ವೈತಿಯಾಗಲಿ. ಅವನಿಗೆ ಆ ಹಣ ಸಾರ್ಥಕ. ಆದರೆ ಅಂಥವನು ಹಿಮಾಲಯಕ್ಕೆಂದು ಕೊಂಡ ಯಂತ್ರವನ್ನು ವರ್ಷದ ಐವತ್ತು ವಾರ ಬಾಣಾವರದ ಟೀ ಅಂಗಡಿಯ ಮುಂದೆ ನಿಲ್ಲಿಸಿ ತೋರಿಸಿದರೆ ಅದನ್ನು ಮಾರ್ಗದರ್ಶಿ ಎನ್ನದೆ ಆಭರಣ ಎನ್ನತಕ್ಕದ್ದು.

ಅನುಬಂಧ: ಒಂದು ದಾನಶಾಸನದ ಕರಡು

ಹೊಯ್ಸಳರ ಕಾಲದಲ್ಲಿ ಜಾಗವನ್ನು ಗುರುತಿಸುತ್ತಿದ್ದುದು ಅಕ್ಷಾಂಶ ರೇಖಾಂಶಗಳಿಂದಲ್ಲ. ದಾನ ಕೊಟ್ಟ ಭೂಮಿಯ ನಾಲ್ಕು ದಿಕ್ಕಿನ ಎಲ್ಲೆಯನ್ನು ಕೆರೆ, ಹಳ್ಳ, ಮರ, ಹುತ್ತ, ನಟ್ಟ ಕಲ್ಲುಗಳಿಂದ ವಿವರಿಸಿ ಶಾಸನದಲ್ಲಿ ಕೆತ್ತಿಸುತ್ತಿದ್ದರು. ಬಿ.ಎಲ್. ರೈಸ್ 1902ರಲ್ಲಿ ಪ್ರಕಟಿಸಿದ ಹಾಸನ ಜಿಲ್ಲೆಯ ಸಂಪುಟ ಇಂಥವುಗಳಿಂದ ತುಂಬಿದೆ. ಎರಡನೆಯ ವೀರಬಲ್ಲಾಳನಿಗೆ 'ಶನಿವಾರಸಿದ್ಧಿ' ಎಂಬ ಬಿರುದಿತ್ತು. ವಾರವೆಲ್ಲ ಕಚೇರಿಯಲ್ಲಿ ಕೂತು ಶನಿವಾರ ಬೈಕು ಹೊರಡಿಸುವವನಿಗೆ ಇದಕ್ಕಿಂತ ಒಪ್ಪುವ ಬಿರುದು ಹೊಸದಾಗಿ ಹುಟ್ಟಲಾರದು. ಆ ಸಂಪ್ರದಾಯದಲ್ಲಿ, ಬೇಕಾದವರು ಹುಲಿಕೆರೆಯ ತಿರುವಿನಲ್ಲಿ ನೆಡಿಸಿಕೊಳ್ಳಲೆಂದು, ಈ ಕೆಳಗಿನದು:

ಸ್ವಸ್ತಿ ಶ್ರೀ. ಶನಿವಾರಸಿದ್ಧಿ, ಹಂಪುಮಲ್ಲ, ಕಂತುಪ್ರಚಂಡ, ಹೆಲ್ಮೆಟ್‌ಮಂಡಿತಮಸ್ತಕನಪ್ಪ ಸವಾರಂ ಹಳೇಬೀಡ ಹೋಟೆಲಿನೊಳ್ ಸುಖಸಂಕಥಾವಿನೋದದಿಂ ಇಡ್ಲಿಗೆಯ್ಯುತ್ತಮಿರೆ, ಪರದೆ ಆರಿ ದಾರಿ ತೋರದಿರಲ್, ತನ್ನ ಹೊಸ ಯಂತ್ರಮಂ ಭಾವಮೈದುನಂಗೆ ಧಾರಾಪೂರ್ವಕಂ ಕೊಟ್ಟಂ. ಅದು ದಾರಿ ತೋರುವ ಸೀಮೆ: ಮೂಡಲ್ ಬೇಲಿಯ ಬಳಿ ಕೂತ ಯಜಮಾನಂ, ತೆಂಕಲ್ ಹುರುಳಿ ಹರಡಿದ ಟಾರು, ಪಡುವಲ್ ಕಾಲರ್ ಕಟ್ಟಿದ ಆನೆ, ಬಡಗಲ್ ಕಡಿದ ಅರಳಿಮರಂ. ಈ ಧರ್ಮಮಂ ಪಾಲಿಸಿದಂಗೆ ಪೆಟ್ರೋಲು ಬೆಲೆ ಏರುವ ಹಿಂದಣ ರಾತ್ರಿಯೇ ಟ್ಯಾಂಕು ತುಂಬುಗೆ. ಅಳಿದವಂ ಕೊನೆಯ ಕಂತು ಕಟ್ಟುವ ಮುನ್ನವೇ ಹೊಸ ಮಾಡೆಲ್ ಬಿಡುಗಡೆಯಾದುದಂ ಕಾಣ್ಗೆ, ಅದೂ ಕಡಿಮೆ ಬೆಲೆಗೆ.